ಸೊನ್ನೆಯ ದುಪ್ಪಟ್ಟು

ಭಗವಂತ ಮನುಷ್ಯನ ಅಂಗಗಳನ್ನು ಜೋಡಿಸುವಾಗ ಒಂದೊಂದಕ್ಕೂ ಒಂದೊಂದು ದನಿ ಹಂಚಿದನಂತೆ. ಹಲ್ಲಿಗೆ ಕೊಟ್ಟ, ಹೊಟ್ಟೆಗೆ ಕೊಟ್ಟ, ಕೊನೆಗೆ ಮೊಣಕಾಲಿಗೂ ಕೊಟ್ಟ. ಲಿವರಿನ ಸರದಿ ಬರುವಷ್ಟರಲ್ಲಿ ಬುಟ್ಟಿ ಬರಿದಾಗಿತ್ತು. "ನನಗೆ?" ಎಂದಿತು ಅದು. "ನೀನು ಮನೆಗೆ ಹಿರಿಯ. ಸುಮ್ಮನೆ ದುಡಿ" ಎಂದನಂತೆ ದೇವರು. ಅಂದಿನಿಂದ ಅದು ಸುಮ್ಮನೆ ದುಡಿಯುತ್ತಲೇ ಇದೆ. ಮುಕ್ಕಾಲು ಪಾಲು ಕೆಟ್ಟರೂ ಗೊಣಗುವುದಿಲ್ಲ. ಒಂದೇ ಒಂದು ದಿನ ಬಾಯಿ ಬಿಡುತ್ತದೆ. ಅಂದು ಕೇಳಿಸಿಕೊಂಡವರಿಗೆ ಮಾಡುವ ಕೆಲಸ ಹೆಚ್ಚೇನೂ ಉಳಿದಿರುವುದಿಲ್ಲ.

ಇದು ಯಾವ ಪುರಾಣದಲ್ಲಿದೆ ಎಂದು ಕೇಳಬೇಡಿ. ಸಾಬೂನು ಕಾರ್ಖಾನೆಯ ನರ್ಸಮ್ಮ ಪ್ರತಿ ಬುಧವಾರ ಮಧ್ಯಾಹ್ನ ಕುಡುಕರ ಬೆಂಚಿಗೆ ಈ ಕಥೆ ಹೇಳುತ್ತಿದ್ದರು. ಆ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ತೂಕಪ್ಪ ಕೂತಿರುತ್ತಿದ್ದ. ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟದವನು ಆ ಬೆಂಚಿಗೆ ಹೇಗೆ ಬಂದ ಎನ್ನುವುದನ್ನು ಹೇಳಿಬಿಡುತ್ತೇನೆ. ನಗು ಬಂದರೆ ನಕ್ಕುಬಿಡಿ. ಮೊದಮೊದಲು ಎಲ್ಲರೂ ನಕ್ಕವರೇ.

ತೂಕಪ್ಪ ಎಂಬುದು ಅವನ ಹೆಸರಲ್ಲ, ಕೆಲಸ. ಕಾರ್ಖಾನೆಯ ಗೇಟಿನ ಪಕ್ಕದ ವೇಬ್ರಿಜ್ಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲಾರಿ ತೂಗುತ್ತಿದ್ದ. ತುಂಬಿದ ಲಾರಿ ತೂಗು, ಖಾಲಿ ಲಾರಿ ತೂಗು, ಕಳೆ, ಬರೆ. ಬೆಳಗ್ಗೆ ಬಂದ ಕೂಡಲೇ ಮುಳ್ಳನ್ನು ಸೊನ್ನೆಗೆ ತಂದು, ಗಾಜು ಒರೆಸಿ, ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಆ ಮುಳ್ಳೂ ಸುಳ್ಳು ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಭ್ಯಾಸವಿಲ್ಲದವನು ಮೊದಲ ಸಲ ಸುಳ್ಳು ಹೇಳಿದರೆ ಏನಾಗುತ್ತದೆ? ಈಜು ಬಾರದವನು ಮೊದಲ ಸಲವೇ ಮಡುವಿಗೆ ಹಾರಿದಂತಾಗುತ್ತದೆ.

ಅಂದು ಹೊಸ ಡಾಕ್ಟರು ಬಂದು ವಾರ್ಷಿಕ ತಪಾಸಣೆ ನಡೆಸುತ್ತಿದ್ದರು. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಗಂಡಸರೆಲ್ಲ ಅಂಗಿ ಕಳಚಿ ಮೊಣಕೈಗೆ ಹಾಕಿಕೊಂಡು, ಬನಿಯನ್ನಿನಲ್ಲಿ ಸಾಲಾಗಿ ನಿಂತಿದ್ದರು. ತೂಕಪ್ಪನ ಹಿಂದೆ ಅವನ ಅಕ್ಕನ ಗಂಡ ಇದ್ದ. ಬಾಯ್ಲರ್ ನೋಡಿಕೊಳ್ಳುವವನು, ಬಾಗಿಲಿನಷ್ಟು ಅಗಲದ ಆಳು, ಹೆಗಲಲ್ಲಿ ಸದಾ ಒಂದು ಫ್ಲಾಸ್ಕು. ಬೆಂಕಿಯ ಮುಂದೆ ನಿಲ್ಲುವವನಿಗೆ ಮೈ ತಂಪಿಗೆ ಕಷಾಯ ಬೇಕಂತೆ. ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಭಾವ ಎಂದೇ ಕರೆಯುತ್ತಿದ್ದರು.

ಡಾಕ್ಟರು ತೂಕಪ್ಪನ ಫಾರಂ ಎಳೆದುಕೊಂಡರು.

"ಬೀಡಿ, ಸಿಗರೇಟು?"

"ಇಲ್ಲ ಸಾರ್."

"ನಶ್ಯ, ತಂಬಾಕು?"

"ಇಲ್ಲ ಸಾರ್."

"ಕಾಫಿ?"

"ಎದೆ ಉರಿಯುತ್ತೆ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಲ್ರೀ, ನೀವು ಮನುಷ್ಯರೋ ಗೋಡೆಯೋ? ಗೋಡೆಗಾದ್ರೂ ಸುಣ್ಣ ಬಳೀತಾರೆ."

ಸಾಲು ಪಕ್ಕೆಂದಿತು. ಲೋಡಿಂಗಿನವನೊಬ್ಬ ಹಿಂದಿನಿಂದ ಕೂಗಿದ. "ಅವರು ಹಾಲು ಕುಡಿಯೋದೂ ಹೆಂಡ್ತಿ ಆರಿಸಿ ಕೊಟ್ರೇನೇ ಸಾರ್!" ಎಲ್ಲರಿಗಿಂತ ಜೋರಾಗಿ ನಕ್ಕವನು ಭಾವ.

"ಕುಡಿತ?" ಎಂದರು ಡಾಕ್ಟರು, ಉತ್ತರ ಬರೆಯಲು ಪೆನ್ನನ್ನೂ ಎತ್ತದೆ.

ಆ ಎತ್ತದ ಪೆನ್ನೇ ತೂಕಪ್ಪನನ್ನು ಕೆಣಕಿತು. "ಸ್ವಲ್ಪ ಇದೆ ಸಾರ್" ಎಂದುಬಿಟ್ಟ.

ನಗು ನಿಂತಿತು.

"ಎಷ್ಟು?"

"ಎರಡು ಪೆಗ್ಗು."

ಎರಡೇ ಏಕೆ? ಒಂದು ಎಂದರೆ ಬಡತನ ಕಾಣುತ್ತದೆ, ಮೂರು ಎಂದರೆ ದುರಹಂಕಾರ. ತೂಗುವವನ ಲೆಕ್ಕ ಅದು.

"ವಾರಕ್ಕಾ, ದಿನಕ್ಕಾ?"

ತೂಕಪ್ಪ ಹಿಂದೆ ನೋಡಿದ. ಇಪ್ಪತ್ತು ಬನಿಯನ್ನುಗಳು ಉಸಿರು ಬಿಗಿಹಿಡಿದು ನಿಂತಿದ್ದವು. ಇಷ್ಟು ಜನ ಒಟ್ಟಿಗೆ ತನ್ನ ಮಾತಿಗೆ ಕಾದದ್ದನ್ನು ಅವನು ಮದುವೆಯಲ್ಲೂ ಕಂಡಿರಲಿಲ್ಲ. "ದಿನಕ್ಕೇ ಸಾರ್."

ಡಾಕ್ಟರ ಮುಖ ಅರಳಿತು. "ನೋಡಿ, ಮೂವತ್ತು ವರ್ಷದ ಅನುಭವ ನಂದು. ಗಂಡಸು ಕುಡಿತದ ಲೆಕ್ಕ ಹೇಳೋವಾಗ ಅರ್ಧ ನುಂಗಿ ಅರ್ಧ ಹೇಳ್ತಾನೆ. ಅದಕ್ಕೇ ನಂದೊಂದು ನಿಯಮ. ಯಾರು ಎಷ್ಟೇ ಹೇಳಲಿ, ನಾನು ಎರಡರಿಂದ ಗುಣಿಸ್ತೀನಿ. ನಾಲ್ಕು." ದಪ್ಪಕ್ಷರದಲ್ಲಿ ನಾಲ್ಕು ಬರೆದು ಅಡಿಗೆರೆ ಎಳೆದರು. "ಮೂರು ದಾಟಿದವರಿಗೆ ರಕ್ತಪರೀಕ್ಷೆ, ಬುಧವಾರದ ಕ್ಲಾಸು. ಮುಂದಿನವರು ಬನ್ನಿ."

ಮುಂದೆ ಬಂದವನು ಭಾವ.

"ಕುಡಿತ?"

"ಸೊನ್ನೆ ಡಾಕ್ಟ್ರೇ" ಎಂದ, ಫ್ಲಾಸ್ಕನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತ.

ಡಾಕ್ಟರು ನಿಯಮ ಬಿಡುವವರಲ್ಲ. ಸೊನ್ನೆಯನ್ನೂ ಎರಡರಿಂದ ಗುಣಿಸಿದರು. ಸೊನ್ನೆಯೇ ಬಂತು. "ಭೇಷ್!" ಎಂದು ಬೆನ್ನು ತಟ್ಟಿದರು. ಗಣಿತದಲ್ಲಿ ಅವರದೇನೂ ತಪ್ಪಿಲ್ಲ. ಸೊನ್ನೆಯನ್ನು ಯಾವುದರಿಂದ ಬೇಕಾದರೂ ಗುಣಿಸಿ ನೋಡಿ. ಅಷ್ಟು ಭದ್ರವಾದ ಸುಳ್ಳು ಲೋಕದಲ್ಲಿ ಇನ್ನೊಂದಿಲ್ಲ.

ಮೂರನೆಯ ದಿನ ಡಾಕ್ಟರ ಕಾಗದ ತೂಕಪ್ಪನ ಮನೆಗೆ ಹೋಯಿತು. ಅವನು ಸಂಜೆ ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಅದನ್ನು ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು.

"ದಿನಕ್ಕೆ ನಾಲ್ಕಂತೆ! ಒಂಬತ್ತಕ್ಕೆ ಮಲಗ್ತೀರಿ, ಆರಕ್ಕೆ ಏಳ್ತೀರಿ. ಮಧ್ಯ ಯಾವಾಗ್ರೀ ಕುಡೀತೀರಿ?"

"ಕುಡಿಯೋದೇ ಇಲ್ಲ ಕಣೇ."

"ಹಾಗಾದ್ರೆ ಡಾಕ್ಟ್ರು ಸುಳ್ಳಾ?"

"ಡಾಕ್ಟ್ರಲ್ಲ, ನಾನೇ ಸುಳ್ಳು ಹೇಳಿದ್ದು."

"ಕುಡಿದು ಕುಡಿದಿಲ್ಲ ಅನ್ನೋ ಗಂಡಸರನ್ನ ಕಂಡಿದ್ದೀನಿ. ಕುಡೀದೆ ಕುಡಿದಿದ್ದೀನಿ ಅಂತ ಸುಳ್ಳು ಹೇಳೋ ಗಂಡು ಯಾವ ಲೋಕದಲ್ಲಿದ್ದಾನ್ರೀ?" ಎಂದು ಅವನ ಕೊರಳಪಟ್ಟಿ ಎಳೆದು ಮೂಸಿದಳು. ಸಾಬೂನು ಕಾರ್ಖಾನೆಯಲ್ಲಿ ದುಡಿಯುವವನ ಮೈ ಇನ್ನೇನು ನಾರೀತು? "ನಿಂಬೆಹಣ್ಣು! ವಾಸನೆ ಮುಚ್ಚೋಕೆ ಮೈಗೆಲ್ಲ ನಿಂಬೆ! ಎಷ್ಟು ವರ್ಷದ ಕಳ್ಳಾಟಾನೋ!"

ಗೋಡೆಯಾಚೆ ಪಕ್ಕದ ಮನೆ ದರ್ಜಿಯ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಅಲ್ಲಿಂದ ಸುದ್ದಿ ಹೊರಟಿತು. ಡಾಕ್ಟರ ನಿಯಮ ಯಾರಿಗೂ ಗೊತ್ತಿಲ್ಲದಿದ್ದರೂ ಎಲ್ಲರೂ ಅದನ್ನೇ ಪಾಲಿಸಿದರು. ಬೀದಿಯ ತುದಿಗೆ ಎಂಟಾಯಿತು. ಅತ್ತೆಯ ಮನೆ ತಲುಪುವಾಗ ಹದಿನಾರು. ಮಾವನವರು ಕೈಬೆರಳು ಮಡಿಸಿ ಲೆಕ್ಕ ಹಾಕಿ, "ಹದಿನಾರು ಅಂದ್ರೆ ಇವನು ಎಚ್ಚರವಾಗೋಕೆ ಮುಂಚೇನೇ ಶುರು ಮಾಡಬೇಕು" ಎಂದರಂತೆ.

ಕಾರ್ಖಾನೆಯ ಆಫೀಸರು ತೂಕಪ್ಪನನ್ನು ಕರೆಸಿದರು. "ನಾಲ್ಕು ಹಾಕಿದೋನಿಗೆ ಒಂದು ಮುಳ್ಳು ಎರಡಾಗಿ ಕಾಣುತ್ತೆ. ಯಾವ ಮುಳ್ಳು ನೋಡಿ ಬರೀತಿದ್ರಿ ಇಷ್ಟು ವರ್ಷ?"

"ಸಾರ್, ಒಂದೇ ಮುಳ್ಳು ಇರೋದು."

"ಹಾಗನ್ನಿಸೋದು ಇನ್ನೂ ಅಪಾಯ" ಎಂದರು ಆಫೀಸರು. ಅವನನ್ನು ವೇಬ್ರಿಜ್ಜಿನಿಂದ ಎಬ್ಬಿಸಿ ಹರಕು ಚೀಲ ಹೊಲಿಯುವ ಗೋದಾಮಿಗೆ ಹಾಕಿದರು. ಅದೇ ವಾರ ನೋಟೀಸು ಬೋರ್ಡಿನ ಮೇಲೆ 'ವರ್ಷದ ಆರೋಗ್ಯವಂತ ಕಾರ್ಮಿಕ' ಎಂದು ಭಾವನ ಫೋಟೋ ಬಂತು. ಫೋಟೋದಲ್ಲೂ ಹೆಗಲ ಮೇಲೆ ಫ್ಲಾಸ್ಕಿತ್ತು.

ಇನ್ನು ಬುಧವಾರದ ಕ್ಲಾಸು. ಆರು ಜನ ಬೆಂಚಿನ ಮೇಲೆ, ಎದುರಿಗೆ ನರ್ಸಮ್ಮ, ಮೇಜಿನ ಮೇಲೆ ರಬ್ಬರಿನ ಲಿವರು.

"ಒಂದು ಪೆಗ್ಗು ಕರಗಿಸೋಕೆ ಇದಕ್ಕೆ ಒಂದು ಗಂಟೆಯಾದ್ರೂ ಬೇಕು. ತಲೆ ಮೇಲೆ ತಣ್ಣೀರು ಸುರ್ಕೊಳ್ಳಿ, ನಿಂಬೆರಸ ಕುಡೀರಿ, ಬೀದಿ ಸುತ್ತಿ ಬನ್ನಿ, ಇದು ತನ್ನ ನಡಿಗೆ ಬಿಡಲ್ಲ. ಎಷ್ಟು ಹಾಕಿದ್ರೂ ನಂಗೆ ಏರಲ್ಲ ಅಂತ ಮೀಸೆ ತಿರುವೋರೇ, ಅದು ಗಟ್ಟಿತನ ಅಲ್ಲ. ತಲೆ ಒಗ್ಗಿಕೊಂಡಿದೆ ಅಷ್ಟೆ. ಲಿವರು ಒಗ್ಗಿಕೊಂಡಿಲ್ಲ. ಇನ್ನೊಂದು ಮಾತು. ದಿನಾ ಕುಡಿಯೋನು ಒಂದೇ ಏಟಿಗೆ ನಿಲ್ಲಿಸಿದ್ರೆ ಅದೂ ಅಪಾಯ. ಕೈ ನಡುಗುತ್ತೆ, ಎರಡು ಮೂರು ದಿನದಲ್ಲಿ ಫಿಟ್ಸು ಬರಬಹುದು. ಅದಕ್ಕೇ ಹೆಂಡತಿ ಹತ್ರ ಸುಳ್ಳು ಹೇಳಿದ್ರೂ ಡಾಕ್ಟ್ರ ಹತ್ರ ನಿಜ ಹೇಳಿ."

ತೂಕಪ್ಪ ಎದ್ದು ನಿಂತ. "ಸಿಸ್ಟರ್, ನಿಜ ಹೇಳ್ತೀನಿ. ನಾನು ಕುಡಿಯೋದೇ ಇಲ್ಲ."

ನರ್ಸಮ್ಮ ಕನಿಕರದಿಂದ ನಕ್ಕು ಪುಸ್ತಕದಲ್ಲಿ ಒಂದು ಗುರುತು ಹಾಕಿದರು. "ಕೇಳಿದ್ರಾ ಎಲ್ಲರೂ? ಇದೇ ಮೊದಲ ಲಕ್ಷಣ."

ಬೆಂಚು ಚಪ್ಪಾಳೆ ತಟ್ಟಿತು. ಆದರೂ ಅವನು ಪ್ರತಿ ಬುಧವಾರ ಗೇಟ್ ಪಾಸಿನ ಹಿಂಬದಿಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡ: ಕಣ್ಣು ಹಳದಿ, ಕಾಲು ಊತ, ಹೊಟ್ಟೆ ಉಬ್ಬರ, ಬೆಳಗಿನ ಕೈ ನಡುಕ. ಆ ಬೆಂಚಿನಲ್ಲಿ ಪಾಠ ತಲೆಗೆ ಹತ್ತಿದ್ದು ಅವನೊಬ್ಬನಿಗೇ. ಎಚ್ಚರವಾಗಿದ್ದವನೂ ಅವನೊಬ್ಬನೇ ತಾನೆ?

ರಕ್ತಪರೀಕ್ಷೆಯ ವರದಿ ಬಂದ ದಿನ ತೂಕಪ್ಪ ಹಿಗ್ಗಿದ. ಇನ್ನು ಸತ್ಯ ಬಯಲಾಗುತ್ತದೆ ಎಂದುಕೊಂಡ. ಡಾಕ್ಟರು ವರದಿಯನ್ನು ಬೆಳಕಿಗೆ ಹಿಡಿದರು, ಕನ್ನಡಕ ಒರೆಸಿ ಮತ್ತೆ ಹಿಡಿದರು.

"ಅಬ್ಬಾ! ದಿನಕ್ಕೆ ನಾಲ್ಕು ಹಾಕಿಯೂ ಲಿವರು ಹಾಲುಗೂಸಿಂದು! ನನ್ನ ಸರ್ವೀಸಿನಲ್ಲೇ ನೋಡಿಲ್ಲ. ಏನ್ರೀ ಇದು, ಉಕ್ಕಿನದಾ?"

"ಸಾರ್, ಕುಡೀದೇ ಇದ್ದದ್ದಕ್ಕೆ ಹಾಗೆ..."

"ಸುಮ್ನಿರಿ. ವಿನಯ ಬೇಡ."

ವರದಿ ಕಾರ್ಖಾನೆಯೆಲ್ಲ ಸುತ್ತಿತು. ಹಾಲಿನ ಮಾತಾಡಿದ್ದ ಲೋಡಿಂಗಿನವನೇ ಎದ್ದು ನಿಂತು "ಗುರುಗಳೇ" ಎಂದ. ಕ್ಯಾಂಟೀನಿನವನು ಕೇಳದೆಯೇ ದೊಡ್ಡ ಲೋಟದಲ್ಲಿ ನೀರಿಟ್ಟ. ನಿಜ ಹೇಳಬೇಕೆಂದು ಬಾಯಿ ತೆರೆದ ತೂಕಪ್ಪ, ಆ ನೀರು ಕುಡಿದು ಬಾಯಿ ಮುಚ್ಚಿದ. ಎರಡೇ ಎರಡು ದಿನ ಎದೆಯುಬ್ಬಿಸಿ ನಡೆದ. ದೇವರು ಬಡವನ ಎಷ್ಟೋ ತಪ್ಪುಗಳನ್ನು ಕಂಡೂ ಕಾಣದಂತೆ ಬಿಡುತ್ತಾನೆ. ಈ ಎರಡು ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದ.

ಮೂರನೆಯ ದಿನ ಊಟದ ಹೊತ್ತಿಗೆ ಭಾವ ಅವನನ್ನು ಬಾಯ್ಲರ್ ಕೋಣೆಗೆ ಕರೆದ. "ಬಾರೋ ಉಕ್ಕಿನ ಲಿವರೇ, ಕೂತ್ಕೋ" ಎಂದು ಫ್ಲಾಸ್ಕಿನ ಮುಚ್ಚಳ ಬಿಚ್ಚಿ ಅದರಲ್ಲೇ ಬಗ್ಗಿಸಿಕೊಂಡ. ಕಷಾಯಕ್ಕೆ ಆ ವಾಸನೆ ಇರುವುದಿಲ್ಲವೆಂದು ತೂಕಪ್ಪನಂಥ ತೂಕಪ್ಪನಿಗೂ ತಿಳಿಯಿತು.

"ಭಾವ! ಇದು..."

"ಮೆಲ್ಲಗೆ. ನಿನ್ನ ಹತ್ರ ಏನು ಮುಚ್ಚುಮರೆ? ನಾವಿಬ್ಬರೂ ಒಂದೇ ಜಾತಿ." ಒಂದೇ ಗುಟುಕಿಗೆ ಮುಗಿಸಿ ಬಾಯಿ ಒರೆಸಿಕೊಂಡ. "ಎರಡು ತಿಂಗಳಿಂದ ಬಲಗಡೆ ಪಕ್ಕೆ ಭಾರ ಅನ್ನಿಸ್ತಿತ್ತು ಕಣೋ. ಹೆದರಿ ಕಡಿಮೆ ಮಾಡಿದ್ದೆ. ಬಿಟ್ಟೇಬಿಡೋಣ ಅಂತಾನೂ ಇದ್ದೆ. ಅಷ್ಟರಲ್ಲಿ ನಿನ್ನ ರಿಪೋರ್ಟು ಬಂತು. ಕಡ್ಡಿ ಪೈಲ್ವಾನ್ ನೀನು, ನಾಲ್ಕು ಹಾಕಿ ಹಾಲುಗೂಸಾಗಿದ್ದೀಯ. ನಾನು ನಿನ್ನ ಎರಡರಷ್ಟಿದ್ದೀನಿ. ಎಂಟಕ್ಕೇನು ಮೋಸ?"

ತೂಕಪ್ಪ ಅವನ ಕೈ ಹಿಡಿದುಕೊಂಡ. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಒಂದು ಹನಿಯೂ ಕುಡಿದೋನಲ್ಲ. ಸಾಲಲ್ಲಿ ನೀವೆಲ್ಲ ನಕ್ರಿ ಅಂತ ಸುಳ್ಳು ಹೇಳ್ದೆ. ಅಕ್ಕನ ಆಣೆ!"

ಭಾವ ಹೊಟ್ಟೆ ಹಿಡಿದು ನಕ್ಕ. "ಮೊದಲ ಲಕ್ಷಣ! ನರ್ಸಮ್ಮ ಹೇಳಿದ್ದು ಸುಳ್ಳಲ್ಲ ಬಿಡು!"

ಮೂರು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಗೇಟಿನಲ್ಲಿ ಭಾವ ಎದುರಾದ. ಅವನ ಕಣ್ಣಿನ ಬಿಳುಪು ಕಾರ್ಖಾನೆಯ ನಿಂಬೆ ಸಾಬೂನಿನ ಬಣ್ಣಕ್ಕೆ ತಿರುಗಿತ್ತು. ಬೂಟು ಹಿಡಿಯದೆ ಕಾಲಿಗೆ ಹವಾಯಿ ಚಪ್ಪಲಿ ಬಂದಿತ್ತು. ಬೀಡಿ ಹಚ್ಚಲು ಗೀರಿದ ಕಡ್ಡಿ ನಾಲ್ಕು ಸಲ ಪೆಟ್ಟಿಗೆಯನ್ನೇ ತಪ್ಪಿಸಿತು. ತೂಕಪ್ಪ ಜೇಬಿನಿಂದ ಗೇಟ್ ಪಾಸು ತೆಗೆದು ಹಿಂಬದಿ ನೋಡಿದ. ಒಂದೊಂದೇ ಸಾಲು ಹೊಂದುತ್ತ ಹೋಯಿತು. ಅಲ್ಲಿಂದಲೇ ಡಾಕ್ಟರ ಕೋಣೆಗೆ ಓಡಿದ.

"ಸಾರ್, ಭಾವ ದಿನಕ್ಕೆ ಎಂಟು ಕುಡೀತಾರೆ. ಕಣ್ಣು ನೋಡಿ ಸಾರ್, ಕಾಲು ನೋಡಿ!"

ಡಾಕ್ಟರು ಕಣ್ಣನ್ನೂ ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ರಿಜಿಸ್ಟರು ನೋಡಿದರು. "ಸೊನ್ನೆ ಅಂತಿದೆ."

"ಇನ್ನೊಂದ್ಸಲ ಗುಣಿಸಿ ನೋಡಿ ಸಾರ್!"

ಡಾಕ್ಟರು ನ್ಯಾಯವಂತರು, ಗುಣಿಸಿದರು. "ಸೊನ್ನೆಯೇ. ರೀ, ತಾನು ಕೆಟ್ಟು ಇನ್ನೊಬ್ಬರ ಮೇಲೆ ಹಾಕೋದು ಎರಡನೇ ಲಕ್ಷಣ. ಹೋಗಿ ಚೀಲ ಹೊಲೀರಿ."

ಸಂಜೆ ಅಕ್ಕನ ಮನೆಗೆ ಹೋದ. ಅಕ್ಕ ನಲ್ಲಿಯ ಕೆಳಗೆ ಕೂತು ಫ್ಲಾಸ್ಕು ತೊಳೆಯುತ್ತಿದ್ದಳು. ಉದ್ದ ಬ್ರಷ್ಷು ಹಾಕಿ ತಳ ಉಜ್ಜುತ್ತಿದ್ದಳು. ತಮ್ಮ ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿಸಿಕೊಂಡಳು.

"ಮುಗೀತಾ?" ಎಂದಳು. "ನನ್ನ ಗಂಡನ ಫೋಟೋ ಬೋರ್ಡಿನ ಮೇಲಿದೆ. ನಿಂದು ಎಲ್ಲಿದೆಯೋ? ಕುಡುಕನ ಮಾತು ಕೇಳಿ ನಾನು ನನ್ನ ಮನೆ ಮಾನ ಕಳೀಬೇಕಾ? ನಡಿ ಆಚೆ." ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಮುಂದಿನ ವಾರ ಹತ್ತೂವರೆ ಗಂಟೆಯ ಹೊತ್ತಿಗೆ ಬಾಯ್ಲರಿನ ಮುಂದೆ ಭಾವ ರಕ್ತ ಕಾರಿಕೊಂಡು ಬಿದ್ದ. ಅವನ ಲಿವರು ಕಡೆಗೂ ಬಾಯಿ ಬಿಟ್ಟಿತ್ತು.

ದೊಡ್ಡಾಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಮಂಚದ ಸುತ್ತ ನೆರೆದಿದ್ದ ಮನೆಯವರನ್ನೂ ಆಫೀಸರನ್ನೂ ಕೇಳಿದಳು. "ಇವರು ಕುಡೀತಾರಾ? ದಿನಕ್ಕೆ ಎಷ್ಟು? ದಯವಿಟ್ಟು ನಿಜ ಹೇಳಿ. ಆಸ್ಪತ್ರೇಲಿ ಮಲಗಿದ ಮೇಲೆ ಕುಡಿತ ನಿಂತುಹೋಗುತ್ತೆ, ಫಿಟ್ಸು ಬಂದ್ರೆ ಈ ಸ್ಥಿತೀಲಿ ತಡ್ಕೊಳ್ಳಲ್ಲ. ಮೊದಲೇ ಗೊತ್ತಿದ್ರೆ ಅದಕ್ಕೂ ಔಷಧಿ ಕೊಡಬಹುದು."

ಮಂಚದ ಮೇಲಿನಿಂದ ಒಣಗಿದ ದನಿ ಬಂತು. "ಸೊನ್ನೆ."

"ಎಂಟು ಡಾಕ್ಟ್ರೇ!" ತೂಕಪ್ಪ ಕೂಗಿದ. "ದಿನಕ್ಕೆ ಎಂಟು! ನನ್ನ ಕಣ್ಣಾರೆ..."

"ಅವರ ಮಾತು ಕೇಳಬೇಡಿ ಡಾಕ್ಟ್ರೇ" ಎಂದಳು ತೂಕಪ್ಪನ ಹೆಂಡತಿ ಮುಸುಮುಸು ಅಳುತ್ತ. "ದಿನಾ ಕುಡಿಯೋರು ಅವರೇ. ಕಾಗದ ಬೇಕಾದ್ರೂ ತೋರಿಸ್ತೀನಿ."

ಮಾವನವರು, "ಹದಿನಾರು" ಎಂದು ತಿದ್ದಿದರು.

ಆಫೀಸರು ಫೈಲು ತೆರೆದು ಮೊಹರಿನ ಮೇಲೆ ಬೆರಳಿಟ್ಟರು. "ನಮ್ಮ ಡಾಕ್ಟರು ಪರೀಕ್ಷೆ ಮಾಡಿ ಬರೆದದ್ದು ನೋಡಿ. ಗುಣಿಸಿದ ಮೇಲೂ ಸೊನ್ನೆ."

ಡಾಕ್ಟರಮ್ಮ ಫೈಲು ನೋಡಿದಳು, ತೂಕಪ್ಪನನ್ನು ನೋಡಿದಳು, ಕೊನೆಗೆ ಅಕ್ಕನ ಕಡೆ ತಿರುಗಿದಳು. "ಅಮ್ಮಾ, ನೀವು ಹೇಳಿ. ನೀವು ಹೇಳಿದ್ದೇ ನಾನು ಬರ್ಕೋತೀನಿ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಮುಟ್ಟಿದೋರೇ ಅಲ್ಲ" ಎಂದಳು.

ಕುಡುಕನೊಬ್ಬ ಗಲಾಟೆ ಮಾಡುತ್ತಿದ್ದಾನೆಂದು ಕಾವಲಿನವನು ತೂಕಪ್ಪನನ್ನು ತೋಳು ಹಿಡಿದು ಹೊರಗೆ ದಾಟಿಸಿದ. ಮೂರನೆಯ ಬೆಳಗ್ಗೆ ಭಾವನಿಗೆ ಫಿಟ್ಸು ಬಂತು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. "ಒಬ್ಬರಾದ್ರೂ ಹೇಳಬಾರದಿತ್ತಾ?" ಎಂದಳಂತೆ ಡಾಕ್ಟರಮ್ಮ, ಕೈಗವಸು ಬಿಚ್ಚುತ್ತ. ಹೇಳಿದವನು ಆಗ ಆಸ್ಪತ್ರೆಯ ಗೇಟಿನ ಹೊರಗೆ ನಿಂತಿದ್ದ.

ಸಾವಿನ ಮನೆಗೆ ಕಾರ್ಖಾನೆಯೇ ಬಂತು. ಜನ ಒಮ್ಮೆ ಹೆಣವನ್ನು, ಒಮ್ಮೆ ತೂಕಪ್ಪನನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಒಂದು ಹನಿ ಮುಟ್ಟಿದೋರಲ್ಲ. ಆರೋಗ್ಯವಂತ ಕಾರ್ಮಿಕ!"

"ಇನ್ನೊಂದು ನೋಡಿ, ದಿನಾ ಕುಡಿಯುತ್ತೆ. ಗುಂಡುಕಲ್ಲಿನ ಹಾಗಿದೆ."

"ದೇವರ ತಕ್ಕಡೀನೇ ಸರಿಯಿಲ್ಲ ಬಿಡಿ" ಎಂದ ದರ್ಜಿ.

ದೇವರ ತಕ್ಕಡಿಯ ಮಾತು ದೇವರಿಗೇ ಇರಲಿ. ಅಲ್ಲಿ ನೆರೆದವರಲ್ಲಿ ತಕ್ಕಡಿ ಹಿಡಿದು ಬದುಕಿದವನು ಒಬ್ಬನೇ ಇದ್ದ, ಮತ್ತು ಅವನು ಮೂಲೆಯಲ್ಲಿ ಚಪ್ಪಲಿಗಳ ಪಕ್ಕ ನಿಂತಿದ್ದ.

ವರ್ಷ ತಿರುಗಿತು. ಮತ್ತೆ ಅದೇ ಕೋಣೆ, ಅದೇ ಬನಿಯನ್ನುಗಳ ಸಾಲು.

"ಕುಡಿತ?" ಎಂದರು ಡಾಕ್ಟರು, ಈ ಸಲ ಪೆನ್ನು ಹಿಡಿದೇ.

"ಸೊನ್ನೆ ಸಾರ್."

ಡಾಕ್ಟರು ಕುರ್ಚಿಯಿಂದ ಎದ್ದರು. ಎರಡರಿಂದ ಗುಣಿಸಿ, ಬಂದ ಸೊನ್ನೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. "ನಾಲ್ಕರಿಂದ ಸೊನ್ನೆಗೆ! ಒಂದೇ ವರ್ಷದಲ್ಲಿ! ಹೀಗೆ ಬಿಡಬೇಕು, ಗಂಡಸು ಅಂದ್ರೆ ಹೀಗಿರಬೇಕು!" ಸಾಲು ಚಪ್ಪಾಳೆ ತಟ್ಟಿತು. ನರ್ಸಮ್ಮ ಕಣ್ಣೊರೆಸಿಕೊಂಡರು, ಅವರ ಬೆಂಚಿನಿಂದ ಉದ್ಧಾರವಾದ ಮೊದಲ ಜೀವ ಅದು. ಆಫೀಸರು ವೇಬ್ರಿಜ್ಜಿನ ಬೀಗದ ಕೈ ಮರಳಿಸಿದರು. ನೋಟೀಸು ಬೋರ್ಡಿನಲ್ಲಿ ಭಾವನ ಫೋಟೋ ತೆಗೆದ ಜಾಗದಲ್ಲಿ ಬಣ್ಣ ಮಾಸದ ಚೌಕವೊಂದು ಉಳಿದಿತ್ತು. ಅಳತೆಗೆ ಸರಿಯಾಗಿ ತೂಕಪ್ಪನ ಫೋಟೋ ಅಲ್ಲಿ ಕೂತಿತು. ಹೆಂಡತಿ ಅಂದು ಹಾಲು ಆರಿಸಿ ಕೊಟ್ಟಳು.

ಅಕ್ಕನಿಗೆ ಗಂಡನ ಬದಲಿಗೆ ಸಾಬೂನಿಗೆ ಕಾಗದ ಸುತ್ತುವ ಕೆಲಸ ಕೊಟ್ಟಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ವೇಬ್ರಿಜ್ಜಿನ ಮೆಟ್ಟಿಲ ಮೇಲೆ ಬಂದು ಕೂತಳು. ಡಬ್ಬಿ ತೆರೆಯಲಿಲ್ಲ.

"ದಿನಾ ಫ್ಲಾಸ್ಕು ತೊಳೀತಿದ್ದೋಳು ನಾನೇ ಕಣೋ" ಎಂದಳು. "ನಂಗೆ ವಾಸನೆ ಗೊತ್ತಿರಲಿಲ್ವಾ?"

ತೂಕಪ್ಪ ಗಾಜು ಒರೆಸುವುದನ್ನು ನಿಲ್ಲಿಸಿದ. "ಮತ್ತೆ ಆಸ್ಪತ್ರೇಲಿ ಯಾಕಕ್ಕಾ..."

"ಎಲ್ಲರೂ ಇದ್ರಲ್ಲೋ. ಬೋರ್ಡಿನ ಮೇಲೆ ಫೋಟೋ ಬೇರೆ ಇತ್ತು." ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಒರೆಸುತ್ತ ಕೂತಳು. ತಲೆಯೆತ್ತಿ ತಮ್ಮನ ಮುಖ ನೋಡಿದಳು. "ನೀನೊಬ್ಬ ನಿಜ ಹೇಳಿದ್ದೆ. ಈಗಲೂ ನಿಜ ಹೇಳು. ನಾನು ಡಾಕ್ಟ್ರಲ್ಲ, ನಿನ್ನ ಹೆಂಡ್ತಿಯೂ ಅಲ್ಲ. ನೀನು ದಿನಕ್ಕೆ ಎಷ್ಟು ಕುಡೀತಿದ್ದೆ?"

"ಸೊನ್ನೆ ಅಕ್ಕಾ. ನಿನ್ನಾಣೆ. ಯಾವತ್ತೂ ಸೊನ್ನೆ."

ಅಕ್ಕ ಡಬ್ಬಿ ಎತ್ತಿಕೊಂಡು ಎದ್ದಳು.

"ಅವರೂ ಹೀಗೇ ಅಂತಿದ್ರು" ಎಂದು ಮೆಟ್ಟಿಲಿಳಿದು ಹೋದಳು.